ಸಾಗರದ ಮುಹೂರ್ತ, ನ್ಯೂಜೆರ್ಸಿಯ ಗಡಿಯಾರ: ಹೊರದೇಶದ ಸಮಯ ತಪ್ಪಿಲ್ಲದೆ ಹೊಂದಿಸುವ ಕ್ರಮ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈಗ ಮದುವೆ, ಉಪನಯನ, ಗೃಹಪ್ರವೇಶ ಯಾವುದೇ ಇರಲಿ, ಕರೆಯೋಲೆಯ ಹಿಂದೆಯೇ ನೇರಪ್ರಸಾರದ ಲಿಂಕೂ ಹೋಗುತ್ತದೆ. ಮಗಳು ಡಲ್ಲಾಸಿನಲ್ಲಿರುತ್ತಾಳೆ, ಭಾವನ ಮಗ ಲಂಡನ್ನಿನಲ್ಲಿ, ಇನ್ನೊಬ್ಬರು ಮೆಲ್ಬರ್ನಿನಲ್ಲಿ. ಶಿವಮೊಗ್ಗದ ಮನೆಯಲ್ಲೇ ಕೂತು ಶಿಕಾಗೊದ ಕಂಪನಿಗೆ ಕೆಲಸ ಮಾಡುವವರಿದ್ದಾರೆ, ಹೊರದೇಶದ ಮಕ್ಕಳಿಗೆ ಆನ್‌ಲೈನಿನಲ್ಲಿ ಸಂಗೀತ ಹೇಳಿಕೊಡುವ ಮೇಷ್ಟ್ರುಗಳಿದ್ದಾರೆ, ಶಂಕರಘಟ್ಟದ ಹಾಸ್ಟೆಲಿನಿಂದ ಹೊರಗಿನ ಯೂನಿವರ್ಸಿಟಿಗೆ ಅರ್ಜಿ ಹಾಕುವ ವಿದ್ಯಾರ್ಥಿಗಳಿದ್ದಾರೆ. ಇವರೆಲ್ಲರಿಗೂ ಬೇಕಾದ್ದು ಒಂದೇ ಲೆಕ್ಕ.

ಈ ಲೆಕ್ಕ ಕೂಡಿ ಕಳೆಯುವಾಗ ಕೆಡುವುದು ಕಡಿಮೆ. “ಅಲ್ಲಿಗೂ ನಮಗೂ ಎಷ್ಟು ಗಂಟೆ ವ್ಯತ್ಯಾಸ?” ಎಂದು ಇವತ್ತು ಕೇಳಿ, ಬಂದ ಉತ್ತರವನ್ನು ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಹಾಕಿಬಿಟ್ಟಾಗ ಕೆಡುತ್ತದೆ. ನ್ಯೂಜೆರ್ಸಿಗೂ ನಮಗೂ ಅಕ್ಟೋಬರಿನಲ್ಲಿ ಒಂಬತ್ತೂವರೆ ಗಂಟೆ ಅಂತರ, ನವೆಂಬರ್ ಎರಡನೇ ವಾರಕ್ಕೆ ಹತ್ತೂವರೆ. ಹಾಗಾಗಿ ಊರಿನ ಹೆಸರು, ಕಾರ್ಯಕ್ರಮದ ತಾರೀಕು ಎರಡೂ ಕೈಯಲ್ಲಿಲ್ಲದೆ ಲೆಕ್ಕಕ್ಕೆ ಕೂರಬೇಡಿ.

ಮೊದಲು ಅಂತರಗಳು

ಕೆಲವು ಜಾಗಗಳಿಗೆ ವರ್ಷಪೂರ್ತಿ ಒಂದೇ ಅಂತರ. ದುಬೈ, ಮಸ್ಕತ್ ನಮಗಿಂತ 1 ಗಂಟೆ 30 ನಿಮಿಷ ಹಿಂದೆ. ಸೌದಿ, ಕುವೈತ್, ಕತಾರ್, ಬಹ್ರೇನ್ 2:30 ಹಿಂದೆ. ಸಿಂಗಾಪುರ, ಮಲೇಷ್ಯಾ, ಆಸ್ಟ್ರೇಲಿಯಾದ ಪರ್ತ್ 2:30 ಮುಂದೆ. ಜಪಾನ್ 3:30 ಮುಂದೆ, ಬ್ರಿಸ್ಬೇನ್ 4:30 ಮುಂದೆ. ಅಮೆರಿಕದ ಫೀನಿಕ್ಸ್ ಯಾವಾಗಲೂ 12:30 ಹಿಂದೆ, ಏಕೆಂದರೆ ಅರಿಜೋನಾದ ಬಹುಭಾಗ ಗಡಿಯಾರ ತಿರುಗಿಸುವುದಿಲ್ಲ. ಇವನ್ನು ಒಮ್ಮೆ ಬರೆದಿಟ್ಟುಕೊಂಡರೆ ಸಾಕು.

ಎಚ್ಚರ ಬೇಕಾಗಿರುವುದು ಡೇಲೈಟ್ ಸೇವಿಂಗ್, ಅಂದರೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಮತ್ತೆ ಹಿಂದೆ ತಿರುಗಿಸುವ ಪದ್ಧತಿ ಇರುವ ಊರುಗಳಲ್ಲಿ. ಇಲ್ಲಿ ಮೊದಲಿನ ಅಂಕಿ ಆ ಊರಿನ ಬೇಸಿಗೆ ಸಮಯಕ್ಕೆ, ಎರಡನೆಯದು ಚಳಿಗಾಲದ ಸಮಯಕ್ಕೆ:

ಲಂಡನ್: 4:30 ಹಿಂದೆ, 5:30 ಹಿಂದೆ
ಜರ್ಮನಿ, ನೆದರ್ಲೆಂಡ್ಸ್: 3:30 ಹಿಂದೆ, 4:30 ಹಿಂದೆ
ನ್ಯೂಯಾರ್ಕ್, ನ್ಯೂಜೆರ್ಸಿ, ಬಾಸ್ಟನ್, ಅಟ್ಲಾಂಟಾ, ಟೊರಾಂಟೊ: 9:30 ಹಿಂದೆ, 10:30 ಹಿಂದೆ
ಶಿಕಾಗೊ, ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್: 10:30 ಹಿಂದೆ, 11:30 ಹಿಂದೆ
ಡೆನ್ವರ್: 11:30 ಹಿಂದೆ, 12:30 ಹಿಂದೆ
ಕ್ಯಾಲಿಫೋರ್ನಿಯಾ, ಸಿಯಾಟಲ್: 12:30 ಹಿಂದೆ, 13:30 ಹಿಂದೆ
ಸಿಡ್ನಿ, ಮೆಲ್ಬರ್ನ್: 5:30 ಮುಂದೆ, 4:30 ಮುಂದೆ
ಅಡಿಲೇಡ್: 5:00 ಮುಂದೆ, 4:00 ಮುಂದೆ
ಆಕ್ಲೆಂಡ್: 7:30 ಮುಂದೆ, 6:30 ಮುಂದೆ

ಇಲ್ಲಿ ಬೇಸಿಗೆ ಎಂದರೆ ನಮ್ಮ ಬೇಸಿಗೆ ಅಲ್ಲ. ಅಮೆರಿಕದ ಬೇಸಿಗೆ ಸಮಯ ಮಾರ್ಚ್ ಎರಡನೇ ಭಾನುವಾರ ಶುರುವಾಗಿ ನವೆಂಬರ್ ಮೊದಲ ಭಾನುವಾರದವರೆಗೆ ಇರುತ್ತದೆ. ನಮ್ಮ ಇಡೀ ಮಳೆಗಾಲ, ಗಣಪತಿ ಹಬ್ಬ, ನವರಾತ್ರಿ ಎಲ್ಲವೂ ಅದರೊಳಗೇ ಬರುತ್ತವೆ. ದೀಪಾವಳಿ ಮಾತ್ರ ಕೆಲವು ವರ್ಷ ಈಚೆ, ಕೆಲವು ವರ್ಷ ಆಚೆ. 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೆ ಬಂದ ಹಬ್ಬ 2026ರಲ್ಲಿ ನವೆಂಬರ್ 8ರ ಹೊತ್ತಿಗೆ ಬರುತ್ತದೆ. ಹೋದ ವರ್ಷ ಹಬ್ಬದ ದಿನ ಫೋನ್ ಮಾಡಿದ ಹೊತ್ತಿಗೇ ಈ ವರ್ಷವೂ ಮಾಡಿದರೆ ಅಲ್ಲಿ ಒಂದು ಗಂಟೆ ಬೇರೆಯಾಗಿರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಋತುವೇ ತಿರುವುಮುರುವು. ಅವರ ಬೇಸಿಗೆ ಸಮಯ ನಮ್ಮ ಚಳಿಗಾಲಕ್ಕೆ ಬರುತ್ತದೆ.

ಕ್ರಮವಾಗಿ ಒಂದು ಲೆಕ್ಕ

ಸಾಗರದಲ್ಲಿ 2026ರ ನವೆಂಬರ್ 22, ಭಾನುವಾರ ಮದುವೆ, ಮುಹೂರ್ತ ಬೆಳಿಗ್ಗೆ 11:40 ಎಂದಿಟ್ಟುಕೊಳ್ಳಿ. ನೋಡುವವರು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಲಂಡನ್, ದುಬೈ, ಮೆಲ್ಬರ್ನಿನಲ್ಲಿದ್ದಾರೆ.

ಒಂದನೆಯದಾಗಿ, ಊರು, ವಾರ, ತಾರೀಕು, ಗಂಟೆ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಗಂಟೆಯನ್ನು 24 ಗಂಟೆಯ ಕ್ರಮದಲ್ಲೇ ಬರೆಯಿರಿ. ಮಧ್ಯಾಹ್ನ 3 ಎಂದರೆ 15:00, ರಾತ್ರಿ 10 ಎಂದರೆ 22:00.

ಎರಡನೆಯದಾಗಿ, ನಮ್ಮ ಸಮಯದಿಂದ 5 ಗಂಟೆ 30 ನಿಮಿಷ ಕಳೆಯಿರಿ. ಸಿಗುವುದು ಯುಟಿಸಿ, ಅಂದರೆ ಎಲ್ಲ ದೇಶಗಳ ಸಮಯಕ್ಕೂ ಆಧಾರವಾಗಿರುವ ಸಮಯ. 11:40ರಿಂದ 5 ಗಂಟೆ ತೆಗೆದರೆ 6:40, ಇನ್ನು 30 ನಿಮಿಷ ತೆಗೆದರೆ 6:10. ಗಂಟೆ ಮೊದಲು, ನಿಮಿಷ ಆಮೇಲೆ ಕಳೆದರೆ ತಪ್ಪು ಕಡಿಮೆ. ಎರಡನ್ನೂ ಒಟ್ಟಿಗೆ ಕಳೆಯಲು ಹೋದವರು 60 ನಿಮಿಷಕ್ಕೆ ಬದಲಾಗಿ 100ರ ಲೆಕ್ಕದಲ್ಲಿ ಸಾಲ ತೆಗೆದು, ಇಲ್ಲದ ಸಮಯ ಬರೆದಿರುತ್ತಾರೆ.

ಮೂರನೆಯದಾಗಿ, ಪ್ರತಿ ಊರಿಗೂ ಆ ತಾರೀಕಿನಂದು ಯುಟಿಸಿಯಿಂದ ಎಷ್ಟು ಅಂತರವಿದೆಯೋ ಅಷ್ಟು ಕೂಡಿಸಿ ಅಥವಾ ಕಳೆಯಿರಿ. ನವೆಂಬರ್ 22ಕ್ಕೆ ನ್ಯೂಜೆರ್ಸಿ ಚಳಿಗಾಲದ ಸಮಯದಲ್ಲಿರುತ್ತದೆ, ನಮಗಿಂತ 10:30 ಹಿಂದೆ. ಅದರಲ್ಲಿ 5:30 ಆಗಲೇ ಕಳೆದಾಗಿದೆ, ಹಾಗಾಗಿ ಯುಟಿಸಿಗಿಂತ 5 ಗಂಟೆ ಹಿಂದೆ. 6:10ರಿಂದ 5 ಕಳೆದರೆ ಭಾನುವಾರ ನಸುಕಿನ 1:10. ಫ್ರೀಮಾಂಟ್ 8 ಗಂಟೆ ಹಿಂದೆ. 6:10ರಲ್ಲಿ 8 ಹೋಗುವುದಿಲ್ಲ, ಆದ್ದರಿಂದ 24 ಕೂಡಿಸಿ 30:10 ಮಾಡಿ 8 ಕಳೆಯಿರಿ. 22:10 ಬರುತ್ತದೆ. 24 ಕೂಡಿಸಿದ್ದಕ್ಕೆ ತಾರೀಕು ಒಂದು ದಿನ ಹಿಂದಕ್ಕೆ ಹೋಗಬೇಕು, ಹಾಗಾಗಿ ಅದು ಶನಿವಾರ, ನವೆಂಬರ್ 21. ಲಂಡನ್ ಆಗ ಯುಟಿಸಿಯಲ್ಲೇ ಇರುವುದರಿಂದ ಬೆಳಿಗ್ಗೆ 6:10. ದುಬೈ 4 ಮುಂದೆ, 10:10. ಮೆಲ್ಬರ್ನ್ ಬೇಸಿಗೆ ಸಮಯದಲ್ಲಿ 11 ಮುಂದೆ, 17:10, ಅಂದರೆ ಸಂಜೆ 5:10.

ನಾಲ್ಕನೆಯದಾಗಿ, ಬಂದ ಉತ್ತರವನ್ನು ತಿರುಗಿಸಿ ನೋಡಿ. ನ್ಯೂಜೆರ್ಸಿಯ 1:10ಕ್ಕೆ 10:30 ಕೂಡಿಸಿದರೆ 11:40 ಬರಬೇಕು. ಬಂತು. ಕೂಡಿಸಬೇಕಾದಲ್ಲಿ ಕಳೆದಿದ್ದರೆ ಈ ತಾಳೆಯಲ್ಲಿ ಗೊತ್ತಾಗುತ್ತದೆ. ಆದರೆ ಅಂತರವೇ ತಪ್ಪಾಗಿದ್ದರೆ ತಾಳೆ ಅದನ್ನು ಹಿಡಿಯುವುದಿಲ್ಲ. ಅದಕ್ಕೇ ಮೂರನೇ ಹೆಜ್ಜೆಯಲ್ಲಿ ತಾರೀಕು ನೋಡುವುದು ಮುಖ್ಯ.

ಇದೇ ಮದುವೆಯ ಮೆಸೇಜನ್ನು ಅಕ್ಟೋಬರ್ ಕೊನೆಯಲ್ಲಿ ಬರೆಯುತ್ತಾ, ಆ ದಿನದ ಒಂಬತ್ತೂವರೆ ಗಂಟೆ ಅಂತರವನ್ನೇ ಹಾಕಿದರೆ ನ್ಯೂಜೆರ್ಸಿಯವರಿಗೆ 2:10 ಎಂದು ಹೋಗುತ್ತದೆ. ಅವರು ಅಲಾರಾಂ ಇಟ್ಟು, ಚಳಿಯಲ್ಲಿ ಮಕ್ಕಳನ್ನು ಎಬ್ಬಿಸಿ, ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡು ಕೂರುವ ಹೊತ್ತಿಗೆ ಇಲ್ಲಿ ಧಾರೆ ಮುಗಿದು ಒಂದು ಗಂಟೆಯಾಗಿರುತ್ತದೆ. ಮಂಟಪ ಖಾಲಿ, ಕ್ಯಾಮೆರಾದಲ್ಲಿ ಊಟದ ಪಂಕ್ತಿ.

ಕಳಿಸುವ ಮೆಸೇಜ್ ಹೀಗಿರಲಿ:

ಮದುವೆ ನೇರಪ್ರಸಾರ
ಸಾಗರ: ಭಾನುವಾರ, ನ. 22, ಬೆಳಿಗ್ಗೆ 11:40
ನ್ಯೂಜೆರ್ಸಿ: ಭಾನುವಾರ, ನ. 22, ನಸುಕು 1:10 (ಶನಿವಾರ ರಾತ್ರಿ ಮಲಗುವ ಮುಂಚೆ ಅಲಾರಾಂ ಇಡಿ)
ಫ್ರೀಮಾಂಟ್: ಶನಿವಾರ, ನ. 21, ರಾತ್ರಿ 10:10
ಲಂಡನ್: ಭಾನುವಾರ, ನ. 22, ಬೆಳಿಗ್ಗೆ 6:10
ದುಬೈ: ಭಾನುವಾರ, ನ. 22, ಬೆಳಿಗ್ಗೆ 10:10
ಮೆಲ್ಬರ್ನ್: ಭಾನುವಾರ, ನ. 22, ಸಂಜೆ 5:10
ಲಿಂಕ್ ಅರ್ಧ ಗಂಟೆ ಮೊದಲೇ ತೆರೆದಿರುತ್ತದೆ.

ಲೆಕ್ಕವನ್ನು ಅವರ ಮೇಲೆ ಬಿಡಬೇಡಿ. “ನಮ್ಮ 11:40ಕ್ಕೆ” ಎಂದಷ್ಟೇ ಕಳಿಸಿದರೆ ಐದು ಮನೆಯಲ್ಲಿ ಐದು ಲೆಕ್ಕವಾಗುತ್ತದೆ. ಇನ್ನೊಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಜಗಲಿಯ ಗಡಿಯಾರ ಹತ್ತು ನಿಮಿಷ ಮುಂದೆ ಇಟ್ಟಿರುತ್ತಾರೆ. ಹೊರಗಿನವರಿಗೆ ಸಮಯ ಹೇಳುವಾಗ ಮೊಬೈಲಿನ ಗಂಟೆಯನ್ನೇ ನೋಡಿ.

ಬಾಯಿಲೆಕ್ಕಕ್ಕೆ ಅಡ್ಡದಾರಿ

ಅಮೆರಿಕದ ಊರುಗಳಿಗೆ ಅಂತರ ಹನ್ನೆರಡು ಗಂಟೆಯ ಆಸುಪಾಸಿನಲ್ಲೇ ಇದೆ. ಹಾಗಾಗಿ ಹಗಲನ್ನು ರಾತ್ರಿ ಮಾಡಿ, ಉಳಿದದ್ದನ್ನು ಸರಿಪಡಿಸಿದರೆ ಸಾಕು. ನ್ಯೂಯಾರ್ಕ್ ಕಡೆಗೆ ಬೇಸಿಗೆಯಲ್ಲಿ ಎಎಂ-ಪಿಎಂ ಬದಲಿಸಿ ಎರಡೂವರೆ ಗಂಟೆ ಕೂಡಿಸಿ, ಚಳಿಗಾಲದಲ್ಲಿ ಒಂದೂವರೆ. ಶಿಕಾಗೊ, ಡಲ್ಲಾಸಿಗೆ ಬೇಸಿಗೆಯಲ್ಲಿ ಒಂದೂವರೆ, ಚಳಿಗಾಲದಲ್ಲಿ ಅರ್ಧ ಗಂಟೆ. ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಕಳೆಯಬೇಕು, ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದೂವರೆ.

ಶಿವಮೊಗ್ಗದಲ್ಲಿ ಜುಲೈ ತಿಂಗಳ ಒಂದು ಬೆಳಿಗ್ಗೆ 7:00 ಆಗಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಸಂಜೆ 6:30, ಹಿಂದಿನ ದಿನ. ಜನವರಿಯಾದರೆ ಸಂಜೆ 5:30. ನಮ್ಮ ಬೆಳಿಗ್ಗೆ ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ, ನಮ್ಮ ರಾತ್ರಿ ಎಂದರೆ ಅಲ್ಲಿ ಅದೇ ದಿನದ ಬೆಳಿಗ್ಗೆ. ವಯಸ್ಸಾದ ಅಪ್ಪ ಅಮ್ಮನಿಗೆ ಹೇಳಿಕೊಡಬೇಕಾದರೆ ಇಷ್ಟೇ ಸಾಕು.

ಲಂಡನ್ನಿಗೆ ಇನ್ನೂ ಚೆಂದದ ದಾರಿಯಿದೆ. ಮುಳ್ಳಿನ ಕೈಗಡಿಯಾರವನ್ನು ಕಳಚಿ ತಲೆಕೆಳಗಾಗಿ ಹಿಡಿಯಿರಿ. ಅಂಕಿ ಓದಬೇಡಿ, ಮುಳ್ಳು ಯಾವ ಕಡೆ ತಿರುಗಿದೆ ಎಂದಷ್ಟೇ ನೋಡಿ. ಇಲ್ಲಿ ಮಧ್ಯಾಹ್ನ 12:00ಕ್ಕೆ ಎರಡೂ ಮುಳ್ಳು ನೇರ ಮೇಲಿರುತ್ತವೆ, ತಿರುಗಿಸಿದರೆ ಎರಡೂ ಕೆಳಗೆ, 6:30ರಂತೆ ಕಾಣುತ್ತದೆ. ಲಂಡನ್ನಿನ ಚಳಿಗಾಲದ ಸಮಯ ಅದೇ, ಬೆಳಿಗ್ಗೆ 6:30. ಅರ್ಧ ಸುತ್ತು ತಿರುಗಿಸಿದಾಗ ಗಂಟೆ ಮುಳ್ಳು ಆರು ಗಂಟೆ, ನಿಮಿಷದ ಮುಳ್ಳು ಮೂವತ್ತು ನಿಮಿಷ ಸರಿಯುತ್ತದೆ. ಆರು ಗಂಟೆ ಹಿಂದೆ, ಮೂವತ್ತು ನಿಮಿಷ ಮುಂದೆ ಎಂದರೆ ಒಟ್ಟು ಐದೂವರೆ ಹಿಂದೆ. ಬೇಸಿಗೆಯಲ್ಲಿ ಬಂದ ಉತ್ತರಕ್ಕೆ ಒಂದು ಗಂಟೆ ಸೇರಿಸಿಕೊಳ್ಳಬೇಕು.

ಗಡಿಯಾರ ತಿರುಗುವ ಭಾನುವಾರಗಳು

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಜಾಗದಲ್ಲೇ ಈ ತಾರೀಕುಗಳನ್ನೂ ಗುರುತು ಮಾಡಿಡಿ. 2026ಕ್ಕೆ: ಮಾರ್ಚ್ 8 ಅಮೆರಿಕ ಮುಂದೆ, ಮಾರ್ಚ್ 29 ಲಂಡನ್ ಮತ್ತು ಯುರೋಪ್ ಮುಂದೆ, ಏಪ್ರಿಲ್ 5 ಸಿಡ್ನಿ, ಮೆಲ್ಬರ್ನ್, ಆಕ್ಲೆಂಡ್ ಹಿಂದೆ, ಸೆಪ್ಟೆಂಬರ್ 27 ಆಕ್ಲೆಂಡ್ ಮುಂದೆ, ಅಕ್ಟೋಬರ್ 4 ಸಿಡ್ನಿ, ಮೆಲ್ಬರ್ನ್ ಮುಂದೆ, ಅಕ್ಟೋಬರ್ 25 ಲಂಡನ್ ಮತ್ತು ಯುರೋಪ್ ಹಿಂದೆ, ನವೆಂಬರ್ 1 ಅಮೆರಿಕ ಹಿಂದೆ. ಮುಂದಿನ ವರ್ಷಗಳಿಗೆ ಸೂತ್ರವೇ ಸಾಕು. ಅಮೆರಿಕಕ್ಕೆ ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ, 2007ರಿಂದ ಹೀಗೇ ಇದೆ. ಯುರೋಪಿಗೆ ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಸಿಡ್ನಿ, ಮೆಲ್ಬರ್ನಿಗೆ ಅಕ್ಟೋಬರ್ ಮೊದಲ ಭಾನುವಾರ ಮತ್ತು ಏಪ್ರಿಲ್ ಮೊದಲ ಭಾನುವಾರ.

ಅಮೆರಿಕ ಮತ್ತು ಯುರೋಪ್ ಒಂದೇ ದಿನ ತಿರುಗಿಸದಿರುವುದರಿಂದ ನಡುವೆ ಕೆಲವು ವಾರ ಲೆಕ್ಕ ವಿಚಿತ್ರವಾಗಿರುತ್ತದೆ. ಶನಿವಾರ ಸಂಜೆ 6:30ಕ್ಕೆ ಲಂಡನ್ ಮತ್ತು ನ್ಯೂಜೆರ್ಸಿ ಮಕ್ಕಳಿಗೆ ಒಟ್ಟಿಗೆ ಪಾಠ ಎಂದುಕೊಳ್ಳಿ. ಜುಲೈಯಲ್ಲಿ ಲಂಡನ್ನಿಗೆ ಮಧ್ಯಾಹ್ನ 2:00, ನ್ಯೂಜೆರ್ಸಿಗೆ ಬೆಳಿಗ್ಗೆ 9:00. 2026ರ ಮಾರ್ಚ್ 8ರಿಂದ 28ರವರೆಗೆ ನ್ಯೂಜೆರ್ಸಿಗೆ 9:00, ಲಂಡನ್ನಿಗೆ ಮಾತ್ರ 1:00. ಅಕ್ಟೋಬರ್ 25ರಿಂದ 31ರವರೆಗೂ ಅದೇ ಸ್ಥಿತಿ. ನವೆಂಬರ್ 1ರಿಂದ ಲಂಡನ್ 1:00, ನ್ಯೂಜೆರ್ಸಿ 8:00.

ತಿರುಗುವ ಭಾನುವಾರದ ದಿನವೇ ಫೋನ್ ಇದ್ದರೆ ಇನ್ನೊಂದು ಗಂಟು. ಅಮೆರಿಕದಲ್ಲಿ ಗಡಿಯಾರ ತಿರುಗುವುದು ಅಲ್ಲಿನ ನಸುಕಿನ 2:00ಕ್ಕೆ. ಮಾರ್ಚ್ 8ರಂದು ನ್ಯೂಜೆರ್ಸಿಯ ಆ ಕ್ಷಣ ನಮಗೆ ಭಾನುವಾರ ಮಧ್ಯಾಹ್ನ 12:30, ಕ್ಯಾಲಿಫೋರ್ನಿಯಾದ್ದು ಮಧ್ಯಾಹ್ನ 3:30. ಆದ್ದರಿಂದ ಆ ಭಾನುವಾರ ಬೆಳಿಗ್ಗೆ 8:00ಕ್ಕೆ ನ್ಯೂಜೆರ್ಸಿಗೆ ಫೋನ್ ಮಾಡಿದರೆ ಹಳೆಯ ಅಂತರವೇ, ಅಲ್ಲಿ ಶನಿವಾರ ರಾತ್ರಿ 9:30. ಅದೇ ಭಾನುವಾರ ರಾತ್ರಿ 8:00ಕ್ಕೆ ಮಾಡಿದರೆ ಹೊಸ ಅಂತರ, ಅಲ್ಲಿ ಬೆಳಿಗ್ಗೆ 10:30. ಯುರೋಪಿನ ಬದಲಾವಣೆ ನಮ್ಮ ಭಾನುವಾರ ಬೆಳಿಗ್ಗೆ 6:30ಕ್ಕೇ ಆಗಿಹೋಗುವುದರಿಂದ ಅಲ್ಲಿ ಈ ತೊಡಕು ಕಡಿಮೆ.

“ಬುಧವಾರ ರಾತ್ರಿ ಒಂದೂವರೆ”

ನಮ್ಮ ಮಾತಿನಲ್ಲಿ ಬುಧವಾರ ರಾತ್ರಿ ಒಂದೂವರೆ ಎಂದರೆ ಬುಧವಾರ ಉಂಡು ಮಲಗಿದ ರಾತ್ರಿ. ಪಂಚಾಂಗದ ದಿನವೂ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಹಾಗಾಗಿ ಅದೂ ಬುಧವಾರವೇ. ಕ್ಯಾಲೆಂಡರಿಗೆ, ಮೊಬೈಲಿಗೆ, ವಿಮಾನದ ಟಿಕೆಟಿಗೆ ಮಾತ್ರ ಅದು ಗುರುವಾರ 01:30. ಬೆಂಗಳೂರಿನಿಂದ ನಡುರಾತ್ರಿ ಹೊರಡುವ ವಿಮಾನಕ್ಕೆ ಶಿವಮೊಗ್ಗದಿಂದ ಕಾರು ಹೇಳುವಾಗ ಈ ತಪ್ಪಿನ ಬೆಲೆ ಒಂದು ಇಡೀ ದಿನ. ಟಿಕೆಟಿನಲ್ಲಿ ಗುರುವಾರ 01:30 ಎಂದಿದ್ದರೆ ಮನೆ ಬಿಡಬೇಕಾದ್ದು ಬುಧವಾರ ಮಧ್ಯಾಹ್ನ. ಡ್ರೈವರಿಗೆ “ಗುರುವಾರದ ಫ್ಲೈಟ್” ಎಂದು ಹೇಳಬೇಡಿ, “ಬುಧವಾರ ಮಧ್ಯಾಹ್ನ ಇಷ್ಟು ಗಂಟೆಗೆ ಮನೆ ಹತ್ತಿರ ಬನ್ನಿ” ಎಂದು ಹೇಳಿ.

“ರಾತ್ರಿ 12” ಎಂಬುದನ್ನಂತೂ ಬರೆಯಲೇಬೇಡಿ. ಅದು ಯಾವ ತಾರೀಕಿನ ಶುರು, ಯಾವುದರ ಕೊನೆ ಎಂದು ಓದಿದವರಿಗೆ ತಿಳಿಯುವುದಿಲ್ಲ. 23:59 ಅಥವಾ 00:01 ಎಂದು ಬರೆದು ತಾರೀಕು ಹಾಕಿ.

ಹುಟ್ಟುಹಬ್ಬದ ಫೋನಿಗೂ ಇದೇ ನಿಯಮ. ಆಗಸ್ಟ್ 10ರಂದು ಹುಟ್ಟಿದ ಮೊಮ್ಮಗ ಕ್ಯಾಲಿಫೋರ್ನಿಯಾದಲ್ಲಿದ್ದರೆ, ಅಲ್ಲಿ 10ನೇ ತಾರೀಕು ಶುರುವಾಗುವುದು ನಮ್ಮ 10ನೇ ತಾರೀಕು ಮಧ್ಯಾಹ್ನ 12:30ಕ್ಕೆ. ನಮ್ಮ ಬೆಳಿಗ್ಗೆ ಮಾಡಿದ ಫೋನು ಅವನಿಗೆ ಹಿಂದಿನ ದಿನ ಸಂಜೆಯೇ ಸಿಗುತ್ತದೆ. ರಾತ್ರಿ 8:00ಕ್ಕೆ ಮಾಡಿ, ಅಲ್ಲಿ ಬೆಳಿಗ್ಗೆ 7:30.

ಮೂರಕ್ಷರದ ಹೆಸರುಗಳನ್ನು ನಂಬಬೇಡಿ

ಕೆಲಸದ ಮೇಲ್‌ಗಳಲ್ಲಿ ಇಎಸ್‌ಟಿ, ಸಿಎಸ್‌ಟಿ, ಬಿಎಸ್‌ಟಿ ಎಂದು ಬರುತ್ತದೆ. ಸಿಎಸ್‌ಟಿ ಶಿಕಾಗೊದ್ದೂ ಆಗಬಹುದು, ಚೀನಾದ್ದೂ ಆಗಬಹುದು. ಬಿಎಸ್‌ಟಿ ಬ್ರಿಟನ್ನಿನ ಬೇಸಿಗೆ ಸಮಯವೂ ಹೌದು, ಬಾಂಗ್ಲಾದೇಶದ ಸಮಯವೂ ಹೌದು. ನಮ್ಮ ಐಎಸ್‌ಟಿಯನ್ನೇ ಐರ್ಲೆಂಡಿನವರೂ ಇಸ್ರೇಲಿನವರೂ ತಮ್ಮದಕ್ಕೆ ಬಳಸುತ್ತಾರೆ. ಇಎಸ್‌ಟಿ ಎಂದರೆ ಕಟ್ಟುನಿಟ್ಟಾಗಿ ನ್ಯೂಯಾರ್ಕಿನ ಚಳಿಗಾಲದ ಸಮಯ, ಬೇಸಿಗೆಯದು ಇಡಿಟಿ. ಆದರೆ ಅಮೆರಿಕದವರು ಜೂನ್ ತಿಂಗಳಲ್ಲೂ ರೂಢಿಯಲ್ಲಿ ಇಎಸ್‌ಟಿ ಎಂದೇ ಬರೆದುಬಿಡುತ್ತಾರೆ, ಮನಸ್ಸಿನಲ್ಲಿರುವುದು ಅವರ ಗೋಡೆಯ ಗಡಿಯಾರ. ಇಂಟರ್‌ವ್ಯೂ ಇದ್ದರೆ ನಾಚದೆ ಒಂದು ಸಾಲು ಬರೆದು ಖಚಿತ ಮಾಡಿಕೊಳ್ಳಿ: “ಶಿಕಾಗೊ ಸಮಯ ಬೆಳಿಗ್ಗೆ 10:00, ಭಾರತದ ಸಮಯ ರಾತ್ರಿ 8:30, ಸರಿ ತಾನೆ?” ಇದು ಜುಲೈ ಲೆಕ್ಕ. ಜನವರಿಯಾದರೆ ರಾತ್ರಿ 9:30.

ಅರ್ಜಿಯ ಕೊನೆಯ ದಿನಾಂಕಕ್ಕೆ “ಡಿಸೆಂಬರ್ 1, 11:59 ಪಿಎಂ, ಈಸ್ಟರ್ನ್” (ನ್ಯೂಯಾರ್ಕ್ ಕಡೆಯ ಸಮಯ) ಎಂದಿದ್ದರೆ ನಮಗೆ ಅದು ಡಿಸೆಂಬರ್ 2, ಬೆಳಿಗ್ಗೆ 10:29. ಪೆಸಿಫಿಕ್ (ಕ್ಯಾಲಿಫೋರ್ನಿಯಾ ಕಡೆಯ ಸಮಯ) ಎಂದಿದ್ದರೆ ಮಧ್ಯಾಹ್ನ 1:29. ಸಂಶೋಧನಾ ಸಮ್ಮೇಳನಗಳು “ಎನಿವೇರ್ ಆನ್ ಅರ್ಥ್” ಎಂದು ಹಾಕುತ್ತವೆ, ಅದು ಯುಟಿಸಿಗಿಂತ 12 ಗಂಟೆ ಹಿಂದೆ. ಆ ಲೆಕ್ಕದಲ್ಲಿ ಡಿಸೆಂಬರ್ 1ರ 23:59 ಎಂದರೆ ನಮ್ಮ ಡಿಸೆಂಬರ್ 2, ಸಂಜೆ 5:29. ಸಮಯ ಸಿಕ್ಕಿತು ಎಂದು ಕೊನೆಯ ಗಂಟೆಗೆ ಇಟ್ಟುಕೊಳ್ಳುವುದು ಬೇಡ. ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದರೆ ಮಲೆನಾಡಿನ ಹಳ್ಳಿಗಳಲ್ಲಿ ಕರೆಂಟು ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ, ಅದರ ಹಿಂದೆಯೇ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಹಿಂದಿನ ದಿನವೇ ಕಳಿಸಿ.

ನಾಲ್ಕು ಖಂಡ, ಒಂದು ಕರೆ

ಶಿವಮೊಗ್ಗ, ಸ್ಯಾನ್ ಹೋಸೆ, ಲಂಡನ್, ಸಿಡ್ನಿ ನಾಲ್ಕೂ ಕಡೆಯವರು ಒಟ್ಟಿಗೆ ಸೇರಬೇಕು. ಆಸ್ತಿ ಪಾಲಿನ ಮಾತಿರಬಹುದು, ಅಜ್ಜಿಯ ಶಸ್ತ್ರಚಿಕಿತ್ಸೆಯ ನಿರ್ಧಾರವಿರಬಹುದು. ಎಲ್ಲರಿಗೂ ಅನುಕೂಲವಾದ ಗಂಟೆ ಹುಡುಕಿದರೆ ಸಿಗುವುದಿಲ್ಲ. ಯಾರೂ ನಡುರಾತ್ರಿ ಏಳಬೇಕಾಗದ ಗಂಟೆ ಹುಡುಕಿ. ಪ್ರತಿ ಊರಿನ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನ ಹೊತ್ತನ್ನು ಯುಟಿಸಿಗೆ ತಂದು ಒಂದರ ಕೆಳಗೊಂದು ಗೆರೆ ಎಳೆದರೆ, ಎಲ್ಲ ಗೆರೆಯೂ ಸೇರುವ ಕಿಂಡಿ ಕಣ್ಣಿಗೆ ಬೀಳುತ್ತದೆ. ಜುಲೈಯಲ್ಲಿ ಆ ಕಿಂಡಿ ನಮ್ಮ ಭಾನುವಾರ ಬೆಳಿಗ್ಗೆ 10:30. ಆಗ ಸ್ಯಾನ್ ಹೋಸೆ ಶನಿವಾರ ರಾತ್ರಿ 10:00, ಲಂಡನ್ ಭಾನುವಾರ ಬೆಳಿಗ್ಗೆ 6:00, ಸಿಡ್ನಿ ಮಧ್ಯಾಹ್ನ 3:00. ಜನವರಿಯಲ್ಲಿ ಅದೇ 10:30 ಇಟ್ಟರೆ ಲಂಡನ್ನಿಗೆ 5:00 ಆಗುತ್ತದೆ. ಅದನ್ನು 11:30ಕ್ಕೆ ಸರಿಸಿದರೆ ಸ್ಯಾನ್ ಹೋಸೆ ರಾತ್ರಿ 10:00, ಲಂಡನ್ ಬೆಳಿಗ್ಗೆ 6:00, ಸಿಡ್ನಿ ಸಂಜೆ 5:00. ಸ್ಯಾನ್ ಹೋಸೆ ಮತ್ತು ಲಂಡನ್ ಎರಡೂ ಅಂಚಿನಲ್ಲಿರುವುದರಿಂದ ಕರೆ ಹತ್ತು ನಿಮಿಷ ತಡವಾದರೂ ಯಾರಿಗಾದರೂ ಕಷ್ಟ. ಅದಕ್ಕೇ ಮಾತಾಡಬೇಕಾದ ವಿಷಯವನ್ನು ಮೊದಲೇ ಬರೆದು ಗ್ರೂಪಿಗೆ ಹಾಕಿಡಿ.

ವಾರವಾರ ಬರುವ ಪಾಠ, ಮೀಟಿಂಗು

ಒಂದೇ ಸಲದ ಕಾರ್ಯಕ್ರಮಕ್ಕಿಂತ ಇದರಲ್ಲಿ ಜಗಳ ಜಾಸ್ತಿ. ಶುರುವಿನಲ್ಲೇ ಒಂದು ಮಾತು ಇತ್ಯರ್ಥವಾಗಬೇಕು: ಗಡಿಯಾರ ತಿರುಗಿದಾಗ ಯಾರ ಗಂಟೆ ಬದಲಾಗಬೇಕು? ಪಾಠವಾದರೆ ಮಗುವಿನ ಊರಿನ ಗಂಟೆಗೆ ಕಟ್ಟುವುದೇ ಸರಿ, ಮಗುವಿಗೆ ಶಾಲೆ, ನಿದ್ದೆ ಇದೆ. ಹಾಗೆ ಮಾಡಿದರೆ ಮೇಷ್ಟ್ರು ತಮ್ಮ ಪಟ್ಟಿಯನ್ನು ಚಳಿಗಾಲಕ್ಕೂ ಬರೆದು ನೋಡಬೇಕು. ನ್ಯೂಜೆರ್ಸಿಯ ಮಗುವಿಗೆ ಶುಕ್ರವಾರ ರಾತ್ರಿ 8:00ಕ್ಕೆ ಪಾಠ ಎಂದರೆ ನಮಗೆ ಶನಿವಾರ ಬೆಳಿಗ್ಗೆ 5:30. ಸಿಂಗಾಪುರದ ಮಗುವಿಗೆ ಶನಿವಾರ ಬೆಳಿಗ್ಗೆ 9:00 ಎಂದರೆ ನಮಗೆ 6:30. ಜೂನ್ ತಿಂಗಳಲ್ಲಿ ಒಂದರ ಹಿಂದೊಂದು ಸಲೀಸಾಗಿ ನಡೆಯುತ್ತವೆ. ನವೆಂಬರ್ ಮೊದಲ ವಾರ ನ್ಯೂಜೆರ್ಸಿಯ ಪಾಠ 6:30ಕ್ಕೆ ಬಂದು ಸಿಂಗಾಪುರದ ಪಾಠದ ಮೇಲೇ ಕೂರುತ್ತದೆ. ಅಮೆರಿಕ, ಯುರೋಪಿನ ಮಕ್ಕಳ ಪಾಠ ಆದ ಮೇಲೆ ಒಂದು ಗಂಟೆ ಖಾಲಿ ಬಿಟ್ಟರೆ ಈ ತೊಂದರೆ ಬರುವುದಿಲ್ಲ.

ಕಂಪನಿಯ ಮೀಟಿಂಗು ಶಿಕಾಗೊದ ಬೆಳಿಗ್ಗೆ 9:30ಕ್ಕೆ ಕಟ್ಟಿದ್ದರೆ ನಮಗೆ ಮಾರ್ಚಿನಿಂದ ನವೆಂಬರಿನವರೆಗೆ ರಾತ್ರಿ 8:00, ಉಳಿದ ನಾಲ್ಕು ತಿಂಗಳು 9:00. ಇದನ್ನು ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಮೊಬೈಲಿನಲ್ಲಿ ಮಾಡುವಾಗ

ಗೂಗಲ್ ಕ್ಯಾಲೆಂಡರಿನಲ್ಲಿ ಹೊಸ ಕಾರ್ಯಕ್ರಮ ತೆರೆದು, ಇಡೀ ದಿನದ ಗುರುತನ್ನು ತೆಗೆದು, ಗಂಟೆಯ ಕೆಳಗಿರುವ ಟೈಮ್ ಝೋನ್ ಒತ್ತಿ ಊರಿನ ಹೆಸರು ಬರೆಯಿರಿ. ಭಾರತದ ಸಮಯ ಅನೇಕ ಕಡೆ ಕೋಲ್ಕತಾ ಹೆಸರಿನಲ್ಲಿರುತ್ತದೆ, ಬೆಂಗಳೂರು ಹುಡುಕಿ ಸಿಗದಿದ್ದರೆ ಗಾಬರಿ ಬೇಡ. ಹೊರದೇಶದವರ ಇಮೇಲ್ ಸೇರಿಸಿ ಆಹ್ವಾನ ಕಳಿಸಿದರೆ ಅವರವರ ಫೋನಿನಲ್ಲಿ ಅವರವರ ಗಂಟೆಯೇ ಕಾಣುತ್ತದೆ, ಡೇಲೈಟ್ ಸೇವಿಂಗನ್ನೂ ಅದೇ ನೋಡಿಕೊಳ್ಳುತ್ತದೆ. ವಾರವಾರದ ಪಾಠಕ್ಕೆ ಮಗುವಿನ ಊರನ್ನೇ ಟೈಮ್ ಝೋನಾಗಿ ಹಾಕಿ. ಕಂಪ್ಯೂಟರಿನಲ್ಲಾದರೆ ಸೆಟ್ಟಿಂಗ್ಸ್, ಜನರಲ್, ಟೈಮ್ ಝೋನ್ ಭಾಗದಲ್ಲಿ ಎರಡನೇ ಟೈಮ್ ಝೋನ್ ಹಾಕಿಕೊಂಡರೆ ಎರಡು ಊರಿನ ಗಂಟೆ ಪಕ್ಕಪಕ್ಕದಲ್ಲಿ ಕಾಣುತ್ತದೆ.

ಗಡಿಯಾರದ ಆ್ಯಪಿನ ವರ್ಲ್ಡ್ ಕ್ಲಾಕ್ ಈ ಕ್ಷಣದ ಸಮಯವನ್ನಷ್ಟೇ ತೋರಿಸುತ್ತದೆ. ಈಗ ಫೋನ್ ಮಾಡಬಹುದೇ ಎಂದು ನೋಡಲು ಅದು ಸರಿ, ಮುಂದಿನ ತಿಂಗಳ ಮುಹೂರ್ತಕ್ಕೆ ಅದನ್ನು ನೋಡಿ ಲೆಕ್ಕ ಹಾಕಬೇಡಿ. ಮಗ ಅಮೆರಿಕಕ್ಕೆ ಇಳಿದ ಕೂಡಲೇ ಅವನ ಕ್ಯಾಲೆಂಡರಿನ ಎಲ್ಲ ಗಂಟೆಯೂ ಬದಲಾದಂತೆ ಕಾಣುತ್ತದೆ, ಅದು ತಪ್ಪಲ್ಲ, ಕ್ಷಣ ಅದೇ ಇರುತ್ತದೆ. ಅಲಾರಾಂ ಹಾಗಲ್ಲ. ಬೆಳಿಗ್ಗೆ 6:00ಕ್ಕೆ ಇಟ್ಟದ್ದು ಹೋದ ಊರಿನ 6:00ಕ್ಕೇ ಹೊಡೆಯುತ್ತದೆ.

ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವವರು ತಾರೀಕು ಮತ್ತು ಗಂಟೆಯನ್ನು ಒಂದೇ ಸೆಲ್ಲಿನಲ್ಲಿ ಬರೆದು, ನ್ಯೂಜೆರ್ಸಿಯ ಚಳಿಗಾಲದ ಸಮಯಕ್ಕೆ ಅದರಿಂದ 10.5 ಭಾಗಿಸು 24 ಕಳೆಯಿರಿ. ಎಕ್ಸೆಲ್ಲಿಗೆ ಒಂದು ದಿನ ಎಂದರೆ 1, ಅದಕ್ಕೇ 24ರಿಂದ ಭಾಗಿಸುವುದು. ಬರೀ ಗಂಟೆ ಬರೆದು ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋದಾಗ ಸೆಲ್ ತುಂಬ ಹ್ಯಾಶ್ ಗುರುತು ಬರುತ್ತದೆ. ಮತ್ತೆ, 9.5 ಹಾಕಬೇಕೋ 10.5 ಹಾಕಬೇಕೋ ಎಂಬುದು ಎಕ್ಸೆಲ್ಲಿಗೆ ತಿಳಿಯದು, ತಾರೀಕು ನೋಡಿ ನೀವೇ ಹಾಕಬೇಕು.

ಪಂಚಾಂಗದ ಸಮಯ: ಯಾವುದನ್ನು ಬದಲಿಸಬೇಕು, ಯಾವುದನ್ನು ಬಾರದು

“ಅಮ್ಮಾ, ಏಕಾದಶಿ ಇಲ್ಲಿ ಯಾವತ್ತು?” ಎಂದು ಮಗಳು ಕೇಳಿದಾಗ ನಮ್ಮ ತಾರೀಕನ್ನೇ ಹೇಳಿಬಿಡುವುದು ರೂಢಿ. ಬಹಳ ಸಲ ಅದು ತಪ್ಪಾಗುತ್ತದೆ. ತಿಥಿ ಮುಗಿಯುವುದು ಚಂದ್ರ ಸೂರ್ಯರ ನಡುವಿನ ಕೋನದಿಂದ, ಹಾಗಾಗಿ ಆ ಕ್ಷಣ ಇಡೀ ಭೂಮಿಗೆ ಒಂದೇ. ಅದನ್ನು ಟೈಮ್ ಝೋನ್ ಪ್ರಕಾರ ಬದಲಿಸಬಹುದು. ಆದರೆ ಆ ದಿನದ ತಿಥಿ ಯಾವುದು ಎಂದು ಹೇಳುವುದು ಸೂರ್ಯೋದಯ, ಅದು ಊರೂರಿಗೆ ಬೇರೆ.

ಡಿಸೆಂಬರಿನ ಒಂದು ಬುಧವಾರದ ಉದಾಹರಣೆ ನೋಡಿ. ಪಂಚಾಂಗದಲ್ಲಿ ಏಕಾದಶಿ 22 ಘಟಿ 30 ವಿಘಟಿ ಎಂದಿದೆ. ಒಂದು ಘಟಿಗೆ 24 ನಿಮಿಷ ಅಥವಾ 60 ವಿಘಟಿ, ಎಣಿಕೆ ಸೂರ್ಯೋದಯದಿಂದ. ಇಪ್ಪತ್ತೆರಡೂವರೆಯನ್ನು 24ರಿಂದ ಗುಣಿಸಿದರೆ 540 ನಿಮಿಷ, ಅಂದರೆ 9 ಗಂಟೆ. ಸೂರ್ಯೋದಯ 6:45 ಎಂದಿದ್ದರೆ ಏಕಾದಶಿ ಮುಗಿಯುವುದು ಮಧ್ಯಾಹ್ನ 3:45ಕ್ಕೆ. ಇದಕ್ಕೆ ನಿಮ್ಮೂರಿನ ಸೂರ್ಯೋದಯ ಹಿಡಿಯಬೇಡಿ, ಆ ಪಂಚಾಂಗ ಯಾವ ಊರಿಗೆ ಗಣಿಸಿದ್ದೋ ಆ ಊರಿನದನ್ನೇ ಹಿಡಿಯಿರಿ.

ಈಗ ಬದಲಿಸಿ. ಲಂಡನ್ನಿಗೆ ಅದು ಬುಧವಾರ ಬೆಳಿಗ್ಗೆ 10:15. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟರ ಸುಮಾರಿಗೆ, ಆಗ ಇನ್ನೂ ಏಕಾದಶಿಯಿದೆ. ಅವರಿಗೂ ಬುಧವಾರವೇ. ನ್ಯೂಜೆರ್ಸಿಗೆ ಬುಧವಾರ ಬೆಳಿಗ್ಗೆ 5:15, ಕ್ಯಾಲಿಫೋರ್ನಿಯಾಕ್ಕೆ ನಸುಕಿನ 2:15. ಎರಡೂ ಕಡೆ ಬುಧವಾರ ಸೂರ್ಯ ಹುಟ್ಟುವ ಹೊತ್ತಿಗೆ ದ್ವಾದಶಿ ಬಂದಾಗಿರುತ್ತದೆ. ಹಾಗಾದರೆ ಅವರಿಗೆ ಏಕಾದಶಿ ಮಂಗಳವಾರ. ತಿಥಿ ಶುರುವಾದ ಸಮಯವನ್ನೂ ಇದೇ ರೀತಿ ಬದಲಿಸಿ, ಅಲ್ಲಿನ ಮಂಗಳವಾರದ ಸೂರ್ಯೋದಯಕ್ಕೆ ಏಕಾದಶಿ ಬಂದಿತ್ತೇ ಎಂದು ನೋಡಬೇಕು. ಸೂರ್ಯೋದಯಕ್ಕೆ ನಾಲ್ಕು ಘಟಿ, ಅಂದರೆ 96 ನಿಮಿಷ ಮೊದಲಿನ ಅರುಣೋದಯದಲ್ಲಿ ದಶಮಿ ಇದೆಯೇ ಎಂದು ನೋಡುವ ಸಂಪ್ರದಾಯದವರು ಆ ಗಂಟೆಗೂ ಒಮ್ಮೆ ತಾಳೆ ಮಾಡಬೇಕು.

ರಾಹುಕಾಲ, ಲಗ್ನ, ಅಭಿಜಿನ್ ಮುಹೂರ್ತಗಳನ್ನು ಮಾತ್ರ ಎಂದೂ ಟೈಮ್ ಝೋನ್ ಪ್ರಕಾರ ಬದಲಿಸಬೇಡಿ. ಅವು ಇರುವ ಊರಿನ ಆಕಾಶಕ್ಕೆ ಸೇರಿದವು. ರಾಹುಕಾಲ ಆ ಊರಿನ ಹಗಲಿನ ಎಂಟನೇ ಒಂದು ಪಾಲು. ನಮಗೆ ಸುಮಾರು ಒಂದೂವರೆ ಗಂಟೆಯಾದರೆ, ಎಂಟು ಗಂಟೆಯಷ್ಟೇ ಹಗಲಿರುವ ಲಂಡನ್ನಿನ ಡಿಸೆಂಬರಿನಲ್ಲಿ ಒಂದೇ ಗಂಟೆ. ನಮ್ಮಲ್ಲೇ ನೋಡಿ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಅದು ಹಾದುಹೋಗುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ಶಿವಮೊಗ್ಗ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಆ ಗಡಿಯಾರಕ್ಕಿಂತ ಸುಮಾರು 28 ನಿಮಿಷ ತಡ. ನೆತ್ತಿಯ ಮೇಲೆ ಬರುವುದು ಸರಾಸರಿ 12:28ಕ್ಕೆ. ದೇಶದೊಳಗೇ ಇಷ್ಟು ಇರುವಾಗ ಖಂಡ ದಾಟಿದರೆ ಹೇಳಬೇಕಾಗಿಲ್ಲ.

ಶ್ರಾದ್ಧಕ್ಕೆ ಅಪರಾಹ್ನದಲ್ಲಿರುವ ತಿಥಿ ನೋಡುವುದರಿಂದ ಇಲ್ಲಿ ಅಣ್ಣ ಮಾಡುವ ದಿನ, ಅಮೆರಿಕದಲ್ಲಿ ತಮ್ಮ ಮಾಡುವ ದಿನ ಬೇರೆ ಬರಬಹುದು. ಇಲ್ಲಿನ ಪುರೋಹಿತರಿಗೆ ಫೋನ್ ಮಾಡುವಾಗ “ಅಮೆರಿಕದಲ್ಲಿದ್ದಾನೆ” ಎಂದರೆ ಸಾಲದು, ಡಲ್ಲಾಸೋ ಸಿಯಾಟಲ್ಲೋ ಹೇಳಿ, ಅಲ್ಲಿನ ಸೂರ್ಯೋದಯ, ಸೂರ್ಯಾಸ್ತದ ಗಂಟೆಯನ್ನೂ ಬರೆದುಕೊಡಿ. ಆ ಊರಿಗೇ ಗಣಿಸಿದ ಪಂಚಾಂಗ ಮಗನ ಕೈಯಲ್ಲಿದ್ದರೆ ಆ ಪುಟದ ಫೋಟೊ ಕಳಿಸಲು ಹೇಳಿ. ಅದನ್ನು ನೋಡಿಯೇ ಪುರೋಹಿತರು ದಿನ ಹೇಳಲಿ.